ಲೆಜರಿನಲ್ಲಿ ಒಬ್ಬಳೇ ಎಸ್ತೆರ್

27 ಜನವರಿ 1959, ಮಂಗಳವಾರ

ಮೂರನೇ ಕ್ಲಾಸಿನಲ್ಲಿ ಇವತ್ತು ಐವತ್ತೆಂಟು ಮಕ್ಕಳು. ಹದಿನಾಲ್ಕರ ಮಗ್ಗಿ ಒಬ್ಬರಿಗೂ ಬರುವುದಿಲ್ಲ. ಗಂಟಲು ಬಿದ್ದುಹೋಯಿತು. ಪಡೀಲಿಗೆ ಬಸ್ಸಿಲ್ಲ, ಮನೆಗೆ ನಡೆದೇ ಬಂದೆ. ಕಾಫಿ ಕುಡಿದು ಫಾರ್ಮ್ ತುಂಬಿಸಿದೆ. ಇಂಟರ್‌ಮೀಡಿಯೆಟ್, ಹಳೆ ಸ್ಕೀಮ್, ಒಂದೇ ಸಬ್ಜೆಕ್ಟು — ಲಾಜಿಕ್.

ಐದು ವರ್ಷದ ಹಿಂದೆ ಅದೊಂದರಲ್ಲಿ ಬಿದ್ದೆ. ಸಿಟ್ಟಿನಲ್ಲಿ ಮಾರ್ಕ್ ಲಿಸ್ಟ್ ಹರಿದು ಒಲೆಗೆ ಹಾಕಿ ಟೀಚರ್ ಟ್ರೈನಿಂಗಿಗೆ ಹೋದೆ. ಈಗ ಹಳೆ ಸ್ಕೀಮಿಗೆ ಇದೇ ಕೊನೆಯ ಪರೀಕ್ಷೆಯಂತೆ. ತಪ್ಪಿದರೆ ಇಪ್ಪತ್ತಾರನೇ ವಯಸ್ಸಿನಲ್ಲಿ ಪಿ.ಯು.ಸಿ.ಯಿಂದ ಶುರು, ಅಂದರೆ ಇಲ್ಲವೇ ಇಲ್ಲ. ಪಾಸಾದರೆ ಬಿ.ಎ. ಆಮೇಲೆ ಹೈಸ್ಕೂಲು. ಹೈಸ್ಕೂಲಿನ ಮಕ್ಕಳಿಗೆ ಹದಿನಾಲ್ಕರ ಮಗ್ಗಿ ಬರುತ್ತದೆ ಎಂದು ನಂಬಿದ್ದೇನೆ.

ಫೆಬ್ರವರಿ 28 ಕೊನೆಯ ದಿನ. ಕಾಲೇಜಿನ ಸಹಿ ಬೇಕು. ಬೇಕಾದಷ್ಟು ಸಮಯವಿದೆ.

3 ಫೆಬ್ರವರಿ, ಮಂಗಳವಾರ

ಅರ್ಧ ದಿನ ರಜೆ ಹಾಕಿ ಕಾಲೇಜ್ ಆಫೀಸಿಗೆ ಹೋದೆ. ಹೆಡ್ ಕ್ಲಾರ್ಕ್ ಗುಣಪಾಲರು ಹೊಸಬರು, ಕಾರ್ಕಳದ ಕಡೆಯವರು. ಫಾರ್ಮ್ ನೋಡಿದರು, ಲೆಜರ್ ನೋಡಿದರು, ನನ್ನನ್ನು ನೋಡಿದರು.

"ಟೀಚರೇ, ನೀವು ಪಾಸಾಗಿದ್ದೀರಲ್ಲ? ಸೆಕೆಂಡ್ ಕ್ಲಾಸ್ ಉಂಟು. ಪುನಃ ಎಂತಕ್ಕೆ ಬರೆಯುದು?"

"ಪಾಸಾಗಿದ್ದರೆ ನನಗೆ ಗೊತ್ತಾಗ್ತಿರ್ಲಿಲ್ವಾ?"

"ಲೆಜರಲ್ಲಿ ಉಂಟಲ್ಲ ಮತ್ತೆ!"

ತಿರುಗಿಸಿ ತೋರಿಸಿದರು. ಎಸ್ತೆರ್ ಮಸ್ಕರೇನ್ಹಸ್ — ಪಾಸು, ಟಿ.ಸಿ. ಕೊಟ್ಟಾಗಿದೆ. ಅದರ ಕೆಳಗಿನ ಸಾಲಿನಲ್ಲಿ ಮತ್ತೊಮ್ಮೆ ಎಸ್ತೆರ್ ಮಸ್ಕರೇನ್ಹಸ್. ಅದಕ್ಕೆ ಕೆಂಪು ಶಾಯಿಯ ಗೆರೆ. ಅಂಚಿನಲ್ಲಿ 'ಡೂಪ್ಲಿಕೇಟ್'.

ಆ ಡೂಪ್ಲಿಕೇಟ್ ನಾನು.

ನಮ್ಮಲ್ಲಿ ಹಿರಿಯ ಮಗಳಿಗೆ ತಂದೆಯ ತಾಯಿಯ ಹೆಸರು. ಅಜ್ಜಿ ಎಸ್ತೆರ್‌ಗೆ ಗಂಡುಮಕ್ಕಳು ಇಬ್ಬರು, ಜೊಕಿಮ್ ಬಾಪ್ಪು ಮತ್ತು ನಮ್ಮ ಪಪ್ಪ. ಇಬ್ಬರಿಗೂ ಹಿರಿಯದು ಹೆಣ್ಣು. ಮನೆಯಲ್ಲಿ ದೊಡ್ಡ ಎಸ್ತೆರ್, ಸಣ್ಣ ಎಸ್ತೆರ್ ಎಂದು ಕರೆದರೆ ಮುಗಿಯಿತು. ಕಾಲೇಜಿನಲ್ಲಿ ಇಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು. ಹಳೆಯ ಕ್ಲಾರ್ಕ್ ಪುಣ್ಯಾತ್ಮ, ಹೆಸರು ಎರಡು ಸಲ ಬರೆದುಹೋಗಿದೆ ಎಂದುಕೊಂಡು ಒಂದನ್ನು ಹೊಡೆದು ಹಾಕಿದ್ದಾರೆ. ಈಗ ಅವರೂ ಇಲ್ಲ, ಬೈಯುವ ಹಾಗೂ ಇಲ್ಲ.

ಎಲ್ಲ ಎಸ್ತೆರ್‌ಗಳೂ ಪಾಸಾಗಿದ್ದಾರೆ. ನಾನು ಎಸ್ತೆರ್. ಆದ್ದರಿಂದ ನಾನು ಪಾಸಾಗಿದ್ದೇನೆ. ಕಾಲೇಜಿನ ಲಾಜಿಕ್ ನನ್ನದಕ್ಕಿಂತ ಕೆಟ್ಟದು!

6 ಫೆಬ್ರವರಿ, ಶುಕ್ರವಾರ

ಎಸ್.ಎಸ್.ಎಲ್.ಸಿ. ಪುಸ್ತಕ ಶಾಲೆಯ ಮ್ಯಾನೇಜರ್ ಫಾದರ್ ಹತ್ತಿರ ಇತ್ತು. ಬೇಡಿಕೊಂಡು ತಂದೆ. ಹುಟ್ಟಿದ ತಾರೀಕು ಬೇರೆ ಎಂದು ಗುಣಪಾಲರು ಒಪ್ಪಿದರು. ಪ್ರಿನ್ಸಿಪಾಲರು ಒಪ್ಪಲಿಲ್ಲ. ಹೊಡೆದುಹಾಕಿದ ಸಾಲಿನ ರಿಜಿಸ್ಟರ್ ನಂಬರ್ ನನ್ನದು ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ನನ್ನ ಮಾರ್ಕ್ ಲಿಸ್ಟ್ ತಾನೇ? ಬೂದಿಯಾಗಿದೆ. ಮದ್ರಾಸ್ ಯೂನಿವರ್ಸಿಟಿಗೆ ಬರೆದರೆ ಉತ್ತರ ಬರಲು ಎರಡು ತಿಂಗಳು.

"ಮತ್ತೊಬ್ಬ ಎಸ್ತೆರ್ ಅವರ ಮಾರ್ಕ್ ಲಿಸ್ಟ್ ತನ್ನಿ" ಎಂದರು ಗುಣಪಾಲರು. "ಮೇಲಿನ ನಂಬರ್ ನನ್ನದು, ಕೆಳಗಿನದು ಇವಳದ್ದು ಅಂತ ಅವರ ಕೈಯಲ್ಲೇ ಎರಡು ಸಾಲು ಬರೆಸಿ. ಸಹಿ ಇರ್ಲಿ. ಉಳಿದದ್ದು ನಾನು ನೋಡ್ತೇನೆ. ಅವರು ಊರಲ್ಲಿ ಇದ್ದಾರಲ್ಲ?"

ಇದ್ದಾಳೆ. ಊರಲ್ಲೇ ಇದ್ದಾಳೆ. ಪಾಸಾದ ವರ್ಷವೇ ಕಾನ್ವೆಂಟಿಗೆ ಸೇರಿದಳು, ಅದೂ ಹೊರಗೆ ಕಾಲಿಡದ ಕಾನ್ವೆಂಟಿಗೆ. ಈಗ ಸಿಸ್ಟರ್ ಪೌಲಾ.

8 ಫೆಬ್ರವರಿ, ಭಾನುವಾರ

ಹೋಗಬೇಕಿತ್ತು. ಹೋಗಲಿಲ್ಲ.

ನಿಜ ಬರೆಯುತ್ತೇನೆ, ಇಲ್ಲಿ ಓದುವವರು ಯಾರಿದ್ದಾರೆ? ಅವಳು ಸಿಸ್ಟರ್ ಬಟ್ಟೆ ತೊಡುವ ದಿನ ಮನೆಮಂದಿಯೆಲ್ಲ ಹೋದರು. ನಾನು ತಲೆನೋವು ಎಂದು ಮಲಗಿದೆ. ಅವಳು ಪಾಸಾದಳು ಎಂದು ಹೊಟ್ಟೆಕಿಚ್ಚು. ಓದಿಸಿದ್ದು ನಾನು, ಪಾಸಾದದ್ದು ಅವಳು... ಐದು ವರ್ಷದಲ್ಲಿ ಒಂದು ಕಾಗದವನ್ನೂ ಬರೆದಿಲ್ಲ. ಈಗ ಕೆಲಸ ಬಿತ್ತು ಎಂದು ಯಾವ ಮುಖ ಹೊತ್ತು ಹೋಗಲಿ?

ನಾಳೆ ನೋಡೋಣ.

12 ಫೆಬ್ರವರಿ, ಗುರುವಾರ

ಹೋದೆ. ಬಾಗಿಲಿನ ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು.

"ನಿನ್ನೆ ಬೂದಿ ಬುಧವಾರ ಅಲ್ವಾ ಮಗಾ? ಕರೇಜ್ಮ ಶುರುವಾಯ್ತು. ಈಸ್ಟರ್ ತನಕ ಒಳಗಿನವರನ್ನು ನೋಡ್ಲಿಕ್ಕಿಲ್ಲ, ಕಾಗದ ಕೊಡ್ಲಿಕ್ಕೂ ಇಲ್ಲ, ತಕ್ಕೊಳ್ಳಿಕ್ಕೂ ಇಲ್ಲ. ಮಂಗಳವಾರ ಬಂದಿದ್ರೆ ಕಾಗದವಾದ್ರೂ ಒಳಗೆ ಹೋಗ್ತಿತ್ತು."

ಈಸ್ಟರ್ ಮಾರ್ಚ್ 29ಕ್ಕೆ. ಮೂರು ದಿನ ಮೀನಮೇಷ ಎಣಿಸಿದೆ. ನಲವತ್ತು ದಿನದ ಉಪವಾಸ ಯಾವತ್ತು ಶುರುವಾಗುತ್ತದೆ ಎಂದು ಕ್ಯಾಥೊಲಿಕ್ ಹುಡುಗಿಗೆ ಯಾರಾದರೂ ಹೇಳಿಕೊಡಬೇಕೇ?

ಕಾನ್ವೆಂಟಿನ ಮುಖ್ಯಸ್ಥೆ ಮದರ್‌ಗೆ ಒಂದು ಚೀಟಿ ಬರೆದು ಕೊಟ್ಟು ಬಂದೆ. ನಿಯಮ ನಿಯಮವೇ ಎನ್ನುತ್ತಾರೆ. ಗೊತ್ತು.

15 ಫೆಬ್ರವರಿ, ಭಾನುವಾರ

ಪೂಜೆ ಮುಗಿಸಿ ಜೊಕಿಮ್ ಬಾಪ್ಪು ಮನೆಗೆ ಬಂದರು. ಹಂಚಿನ ಕಾರ್ಖಾನೆಯ ಮೇಸ್ತ್ರಿ, ಮಾತು ಕಡಿಮೆ. ದೊಡ್ಡಮ್ಮ ಹೋದ ಮೇಲೆ ಇನ್ನೂ ಕಡಿಮೆ. ಮಾಂಯ್ ಹೆತ್ತವಳಲ್ಲವೇ, ನನ್ನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಊದಿದಳು. ಬಾಪ್ಪು ಗಂಜಿ ಉಂಡರು, "ಹೂಂ" ಎಂದರು, ಟೊಪ್ಪಿ ಹಾಕಿಕೊಂಡು ಹೋದರು. ಒಂದು ಸಮಾಧಾನದ ಮಾತಾದರೂ ಬೇಡವೇ? ತಂದೆಯಲ್ಲವೇ ಅವಳಿಗೆ! ಸಿಟ್ಟು ಬಂತು. ಪಾತ್ರೆಗಳನ್ನು ಕುಕ್ಕಿದೆ.

19 ಫೆಬ್ರವರಿ, ಗುರುವಾರ

ಕಾನ್ವೆಂಟಿನಿಂದ ಕಾರ್ಡು. ಶನಿವಾರ ಮೂರು ಗಂಟೆಗೆ ಬರಬಹುದು, ಅರ್ಧ ಗಂಟೆ ಮಾತ್ರ. ಮದರ್ ಸಹಿ.

ನಾಲ್ಕು ಸಲ ಓದಿದೆ. ನನ್ನ ಚೀಟಿಗೆ ಕರಗಿದರು ಎಂದು ಕಾಣುತ್ತದೆ. ನನ್ನ ಕನ್ನಡ ಅಷ್ಟು ಚೆನ್ನಾಗಿದೆಯೇ?

21 ಫೆಬ್ರವರಿ, ಶನಿವಾರ, ಸಂಜೆ 5

ಈಗಷ್ಟೇ ಬಂದೆ. ಮರೆಯುವ ಮೊದಲು ಬರೆಯಬೇಕು.

ಸಣ್ಣ ಕೋಣೆ. ಕಬ್ಬಿಣದ ಜಾಲರಿ, ಅದರ ಹಿಂದೆ ಕಪ್ಪು ಪರದೆ. ಮುಖ ಕಾಣುವುದಿಲ್ಲ. ಸ್ವರ ಮಾತ್ರ.

"ಸಣ್ಣ ಎಸ್ತೆರ್?"

ಐದು ವರ್ಷದಿಂದ ಹಾಗೆ ಯಾರೂ ಕರೆದಿರಲಿಲ್ಲ. ಅಳು ಬಂತು. ಲೆಜರು ಮರೆತೇಹೋಯಿತು. "ನಿನಗೆ ಬಟ್ಟೆ ಕೊಡುವ ದಿನ ನನಗೆ ತಲೆನೋವು ಇರ್ಲಿಲ್ಲ" ಎಂದೆ.

"ಗೊತ್ತುಂಟು ಮಾರಾಯ್ತಿ. ನಿನಗೆ ಹುಟ್ಟಿದ ಮೇಲೆ ಒಂದು ಸಲವೂ ತಲೆನೋವು ಬಂದದ್ದಿಲ್ಲ." ನಕ್ಕಳು. ಅದೇ ನಗು, ಒಂದು ಚೂರೂ ಬದಲಾಗಿಲ್ಲ. "ಲಾಜಿಕ್ ನೀನು ಹೇಳಿಕೊಡದಿದ್ರೆ ನಾನೂ ಬೀಳ್ತಿದ್ದೆ. ಪರೀಕ್ಷೆ ದಿನ ನಿನಗೆ ಚಳಿಜ್ವರ. ನಾನು ನೋಡಿದ್ದೇನಲ್ಲ, ಕೈ ನಡುಗ್ತಿತ್ತು. ಅದನ್ನು ನೀನು ಯಾರಿಗೂ ಹೇಳಲಿಲ್ಲ."

ಗೋಡೆಯಲ್ಲಿ ತಿರುಗುವ ಒಂದು ಮರದ ಪೆಟ್ಟಿಗೆ ಇದೆ. ಅದು ಗಿರ್ ಎಂದು ತಿರುಗಿತು. ಒಳಗೆ ಅವಳ ಮಾರ್ಕ್ ಲಿಸ್ಟ್, ಸಹಿ ಹಾಕಿದ ಹೇಳಿಕೆ. ಎರಡು ಸಾಲು ಕೇಳಿದರೆ ಒಂದು ಪುಟ ಬರೆದಿದ್ದಾಳೆ!

ಏಳುವಾಗ ಕೇಳಿದೆ, "ಮದರ್ ಹೇಗೆ ಒಪ್ಪಿದ್ರು?"

ಪರದೆಯ ಹತ್ತಿರ ಬಂದಳು, ಸ್ವರ ತಗ್ಗಿತು.

"ನನ್ನ ಪಪ್ಪ ಹೇಳ್ಲಿಲ್ವಾ? ನಮಗೆ ವರ್ಷಕ್ಕೆ ಒಂದೇ ಸಲ ಮನೆಯವರ ಭೇಟಿ, ಈಸ್ಟರಿಗೆ. ಅರ್ಧ ಗಂಟೆ. ಪಪ್ಪ ಸೋಮವಾರ ಬಂದು, ಈ ವರ್ಷದ ನನ್ನ ಅರ್ಧ ಗಂಟೆ ಸಣ್ಣವಳಿಗೆ ಕೊಡಿ, ಈಗಲೇ ಕೊಡಿ ಅಂದರಂತೆ. ಮದರ್ ಬಿಷಪರಲ್ಲಿ ಕೇಳಿ ಒಪ್ಪಿದರು."

ಗಂಟೆ ಹೊಡೆಯಿತು. ಅವಳು ಎದ್ದುಹೋದ ಸದ್ದು.

ಬಸ್ಸಿನಲ್ಲಿ ತಲೆ ಎತ್ತಲಿಲ್ಲ. ಆ ಭಾನುವಾರ ಪಾತ್ರೆ ಕುಕ್ಕಿದೆನಲ್ಲ... ನಾಚಿಕೆಯಾಗುತ್ತದೆ.

23 ಫೆಬ್ರವರಿ, ಸೋಮವಾರ

ಗುಣಪಾಲರು ಕನ್ನಡಕ ಏರಿಸಿ ಎರಡು ಸಲ ಓದಿದರು. ಪ್ರಿನ್ಸಿಪಾಲರ ಕೋಣೆಗೆ ಹೋಗಿ ಹೊರಗೆ ಬಂದರು. ಲೆಜರ್ ಬಿಡಿಸಿ, ಕೆಂಪು ಗೆರೆಯ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ಬರೆದರು: 'ಹೊಡೆದುಹಾಕಿದ್ದು ತಪ್ಪು. ಇವರು ಬೇರೆ ವಿದ್ಯಾರ್ಥಿನಿ.' ತಾರೀಕು, ಸಹಿ, ಸೀಲು.

"ಇನ್ನು ನೀವು ಫೇಲ್ ಆಗಿದ್ದೀರಿ" ಎಂದರು ಖುಷಿಯಿಂದ.

ಫೇಲ್ ಎಂದು ಕೇಳಿ ಇಷ್ಟು ಸಂತೋಷಪಟ್ಟವರು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಸಹಿಯಾಗಿ ಫಾರ್ಮ್ ಹೋಯಿತು.

29 ಮಾರ್ಚ್, ಈಸ್ಟರ್

ಒಂದು ತಿಂಗಳು ಇಲ್ಲಿ ಏನೂ ಬರೆದಿಲ್ಲ. ಶಾಲೆ, ಲಾಜಿಕ್, ನಿದ್ದೆ. ಹಾಲ್ ಟಿಕೆಟ್ ಬಂದಿದೆ.

ಮಾಂಯ್ ಹಬೆಯಲ್ಲಿ ಬೇಯಿಸಿದ ಸನ್ನ ಕಟ್ಟಿಕೊಂಡು ಬಾಪ್ಪು ಮನೆಗೆ ಹೋದೆ. ಪ್ರತಿ ಈಸ್ಟರಿಗೆ ಮೂರು ಗಂಟೆಗೆ ಕೋಟು ಹಾಕಿ ಕಾನ್ವೆಂಟಿಗೆ ಹೊರಡುತ್ತಿದ್ದವರು. ಇವತ್ತು ಬನಿಯನ್ನಿನಲ್ಲಿ ಜಗಲಿಯಲ್ಲಿ ಕುಳಿತಿದ್ದರು. ಕಾಲಿಗೆ ಬೀಳುವ ಅಭ್ಯಾಸ ನಮ್ಮಲ್ಲಿ ಇಲ್ಲ. ಹತ್ತಿರ ಕುಳಿತೆ. ಆ ಅರ್ಧ ಗಂಟೆಯ ಮಾತನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ಎಲ್ಲಿ ನಕ್ಕಳು, ಎಲ್ಲಿ ನಿಲ್ಲಿಸಿದಳು...

"ಸ್ವರ ಹೇಗುಂಟು?"

"ಗಟ್ಟಿ ಉಂಟು ಬಾಪ್ಪು. ಕೆಮ್ಮಿಲ್ಲ."

"ಇನ್ನೊಮ್ಮೆ ಹೇಳು" ಎಂದರು. ಇನ್ನೊಮ್ಮೆ ಹೇಳಿದೆ. ಸನ್ನ ತಣ್ಣಗಾಯಿತು.

6 ಏಪ್ರಿಲ್, ಸೋಮವಾರ, ಬೆಳಿಗ್ಗೆ 9.40

ಹಾಲ್ ಹೊರಗೆ ಕಟ್ಟೆಯ ಮೇಲೆ. ಎಲ್ಲ ಸಣ್ಣ ಸಣ್ಣ ಹುಡುಗರು. ಒಬ್ಬ ನನ್ನನ್ನು ಇನ್‌ವಿಜಿಲೇಟರ್ ಎಂದುಕೊಂಡು ನಮಸ್ಕಾರ ಮಾಡಿದ. ನಾನೂ ಗಂಭೀರವಾಗಿ ಮಾಡಿದೆ.

ಹೆದರಿಕೆ ಇದೆ. ಆದರೆ ಕೈ ನಡುಗುವುದಿಲ್ಲ. ಎಲ್ಲ ಓದಿದ್ದೇನೆ, ಎಲ್ಲ ನೆನಪಿದೆ.

ಬಾಪ್ಪು ಕಾರ್ಖಾನೆಗೆ ರಜೆ ಹಾಕಿ ಬಂದಿದ್ದಾರೆ, ಕೋಟು ಹಾಕಿಕೊಂಡು. ಗೇಟಿನಲ್ಲಿ ನಿಲ್ಲಿಸಿ ಹೇಳಿದರು, "ನಾನು ಕೊಟ್ಟದ್ದು ಅರ್ಧ ಗಂಟೆ. ನಿನಗೆ ಇಲ್ಲಿ ಮೂರು ಗಂಟೆ ಉಂಟು. ಪೂರ್ತಿ ಕೂತು ಬರಿ ಮಗಾ, ಬೇಗ ಎದ್ದು ಬರ್ಬೇಡ. ನಾನು ಇಲ್ಲೇ ಇರ್ತೇನೆ."

ಇಲ್ಲಿಂದ ಕಾಣುತ್ತಾರೆ. ಬಿಸಿಲಿನಲ್ಲಿ ನಿಂತಿದ್ದಾರೆ. ನೆರಳಿಗೆ ಹೋಗಿ ಎಂದು ಕೈ ಮಾಡಿದೆ, ಅವರು ತಿರುಗಿ ಕೈ ಬೀಸಿದರು. ಬೆಲ್ಲು. ಹೋಗುತ್ತೇನೆ, ನನ್ನ ನಂಬರ್ ಕರೆಯು—