ಬರೆದವಳನ್ನು ಕೇಳಿ

ಅಕ್ಕಾ,

ಇವತ್ತು ಯೂನಿವರ್ಸಿಟಿ ಲ್ಯಾಬಿನಲ್ಲಿ ಪ್ರಾಜೆಕ್ಟ್ ತೋರಿಸುವಾಗ ಎಲ್ಲರೆದುರು ನಿನ್ನ ಮಾನ ಹೋಯಿತಲ್ಲ, ಅದು ನನ್ನದೇ ಕೆಲಸ. ಪಾಪದ ಇಂಟರ್ನೆಟ್ಟಿನ ಮೇಲೆ ಗೂಬೆ ಕೂರಿಸಬೇಡ.

ಹಾಸ್ಟೆಲಿನ ವಾಷಿಂಗ್ ಮಷೀನಿಗೆ ಸರದಿ ಹಿಡಿಯುವ ನಿನ್ನ ಪ್ರಾಜೆಕ್ಟಿನಲ್ಲಿ ಬಣ್ಣಬಣ್ಣದ ಪುಟ ನಿನ್ನದು, ಅದರ ಹಿಂದೆ ಕೂತು ಉತ್ತರ ಕೊಡುವ ಸರ್ವರ್ ನನ್ನದು. ಅದು ಓಡುವುದೂ ನನ್ನ ಕೋಣೆಯ ಕಂಪ್ಯೂಟರಿನಲ್ಲೇ. ಮೊನ್ನೆ ಮನೆಗೆ ಬಂದ ನಿನ್ನ ಗೆಳತಿಯರು ಸರ್ವರ್ ಬರೆದದ್ದು ಯಾರೆಂದು ಕೇಳಿದಾಗ ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ನಾನೇ ಕಣ್ರೇ. ಇವಳು ಬರೀ ಟೈಪ್ ಮಾಡಿದ್ಳು. ಸ್ಕೂಲೇ ಮುಗಿಸಿಲ್ಲ, ಪಾಪ!" ಎಂದು ನೀನು ನಕ್ಕೆ.

ಇವತ್ತು ಬೆಳಿಗ್ಗೆ ನಾನು ಸರ್ವರಿನ ಉತ್ತರವನ್ನೇ ಬದಲಿಸಿದೆ. ನಿಮ್ಮ ಮೇಷ್ಟ್ರು ಯಾವ ಬಟನ್ ಒತ್ತಿದರೂ ಬಂದದ್ದು ಒಂದೇ ಮಾತು: 'ಬರೆದವಳನ್ನು ಕೇಳಿ.' ಆಮೇಲೆ ನೀನು ಮತ್ತೆ ಮತ್ತೆ ಒತ್ತಿದೆ. ಒಂದೊಂದು ಸಲ ಒತ್ತಿದಾಗಲೂ ಇಲ್ಲಿ ನನ್ನ ಪರದೆಯಲ್ಲಿ ಒಂದು ಸಾಲು ಮೂಡುತ್ತಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಸ್ವಲ್ಪ ಹೊತ್ತಿಗೆ ಸಾಲುಗಳು ನಿಂತವು.

"ಅಕ್ಕ ಯಾಕೇ ಫೋನ್ ಎತ್ತುತ್ತಿಲ್ಲ?" ಎಂದು ಅಮ್ಮ ಕೇಳಿದಳು.

"ನನ್ನ ಮೇಲಿನ ಸಿಟ್ಟಿಗೆ."

"ಮತ್ತೇನು ಮಾಡ್ದೆ, ಮಹಾತಾಯಿ?"

ಕ್ಷಮಿಸು ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯುವುದಿಲ್ಲ. ಸರ್ವರಿಗೆ ಹಳೆಯ ಉತ್ತರಗಳನ್ನೇ ವಾಪಸ್ ಹಾಕಿದ್ದೇನೆ. ರಜೆಯಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಕೇಳದೆ ಸರ್ವರ್ ಬಾಯಿ ಬಿಡಲ್ಲ ಕಣೇ" ಎಂದು ಮೊದಲ ಪಾಠ ಹೇಳಿಕೊಟ್ಟವಳು ನೀನೇ. ಹಾಗಾಗಿ ನೀನಾಗಿ ಕೇಳುವವರೆಗೆ ಇದನ್ನು ಕಳಿಸುವುದಿಲ್ಲ.

ಸರ್ವರ್ ಓಡುತ್ತಲೇ ಇದೆ. ಪರದೆಯಲ್ಲಿ ಇನ್ನೂ ಹೊಸ ಸಾಲೊಂದೂ ಮೂಡಿಲ್ಲ.