ಏಜೆಂಟ್ ಮಾವನ ಆಟೋಮ್ಯಾಟಿಕ್ ವಾಚು

ಮಾವನವರಿಗೆ ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನೀವಿರುವ ಕಡೆ ಗಂಟೆ ಎಷ್ಟಾಯಿತೆಂದು ಯಾರನ್ನು ಕೇಳುತ್ತೀರಿ? ಕೇಳುವ ಪೈಕಿಯೇ ಅಲ್ಲವಲ್ಲ ನೀವು, ವಾಚು ನೋಡಿ ಬಸ್ಸು ಹೊರಡಿಸುತ್ತ ಸುಂಟಿಕೊಪ್ಪಕ್ಕೆಲ್ಲ ಗಂಟೆ ಹೇಳುತ್ತಿದ್ದ ಬಸ್ ಏಜೆಂಟರು.

ರಷ್ಯಾದವನೊಬ್ಬ ಆಕಾಶಕ್ಕೆ ಹೋಗಿ ಬಂದನೆಂದು ರೇಡಿಯೊ ಹೇಳಿದ ದಿನ ನೆನಪಿದೆಯಾ? ದೇವರು ಕಂಡನಾ ಎಂದು ಅತ್ತೆ ಕೇಳಿದರು. ನೀವು ಕೇಳಿದ್ದು, "ಅವ್ನ ಕೈಲಿ ವಾಚ್ ಇತ್ತಾ?" ಇತ್ತಂತೆ, ದಿನಾ ಕೀ ಕೊಡುವಂಥದ್ದು. ನಿಮ್ಮ ಮಗ ಮಿಲಿಟರಿಯಿಂದ ತಂದುಕೊಟ್ಟ ಕೀ ಬೇಡದ, ಕೈ ಆಡಿದಂತೆ ತಾನೇ ಓಡುವ ಆಟೋಮ್ಯಾಟಿಕ್ ವಾಚನ್ನು ಅಲ್ಲಾಡಿಸುತ್ತ, "ಇದನ್ನ ಕಟ್ಕೊಂಡು ಹೋಗಿದ್ರೆ ನಿಂತೋಗ್ತಿತ್ತು. ತೂಕವೇ ಇಲ್ಲದ ಕಡೆ ಒಳಗಿನ ಬಿಲ್ಲೆ ಹೇಗೆ ತಿರುಗ್ತದೆ?" ಎಂದಿರಿ. ತಿರುಗುತ್ತದೆ ಎಂದೆ ನಾನು. ಯಾಕೆಂದು ನನಗೇನು ಗೊತ್ತು, ನಿಮ್ಮ ಎದುರು ಸೋಲಬಾರದು ಅಷ್ಟೆ. ಆ ಜಗಳ ವರ್ಷಗಟ್ಟಲೆ ನಡೆಯಿತು.

ಆಮೇಲೆ ಪೇಪರಿನಲ್ಲಿ ಆಕಾಶದಲ್ಲಿ ತೇಲುತ್ತಿದ್ದ ಅಮೆರಿಕದವನೊಬ್ಬನ ಫೋಟೊ ಬಂತು. ದಪ್ಪ ಅಂಗಿಯ ತೋಳಿನ ಮೇಲೆಯೇ ಉದ್ದ ಪಟ್ಟಿ ಹಾಕಿ ವಾಚ್ ಕಟ್ಟಿದ್ದ. ನಾನು ಸ್ವೆಟರ್ ಮೇಲೆ ಕಟ್ಟಿದರೆ ನಗುತ್ತಿದ್ದ ನೀವು ಭೂತಗನ್ನಡಿ ಹಿಡಿದು ನೋಡಿದಿರಿ. "ಥೂ, ನಿನ್ನ ಹಾಗೇ" ಎಂದಿರಿ. ಎಷ್ಟು ಖುಷಿಯಾಯಿತು ನನಗೆ!

ಆ ಮಳೆಗಾಲದಲ್ಲೇ ನಿಮಗೆ ಲಕ್ವ ಹೊಡೆಯಿತು. ಎಡಗೈ ಆಡಲಿಲ್ಲ, ಕೈಯಲ್ಲಿದ್ದ ವಾಚೂ ನಿಂತಿತು. ಬಲಗೈಗೆ ನಾನೇ ಕಟ್ಟುತ್ತೇನೆಂದರೆ ಹಾವು ಮುಟ್ಟಿದಂತೆ ಕೈ ಎಳೆದುಕೊಂಡಿರಿ. "ನನ್ನ ಕೈಗೆ ಇನ್ನೊಬ್ರು ವಾಚ್ ಕಟ್ಟೋದಾ?" ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದಿರಿ, ಬಸ್‌ಸ್ಟ್ಯಾಂಡ್ ಕೂಗಳತೆ ದೂರ. ಆದರೂ ಅಂಗಳ ದಾಟಲಿಲ್ಲ.

ವಿರಾಜಪೇಟೆ ಬಸ್ಸಿನ ಡ್ರೈವರ್ ಮೊಯ್ದು ಕರೆಯಲು ಬಂದದ್ದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

"ಏಜೆಂಟ್ರೇ, ನೀವು ಬಂದು ಕೂತ್ಕೊಂಡ್ರೆ ಸಾಕು. ಟೈಮು ನಾವು ನೋಡ್ಕೊಳ್ತೇವೆ. ನೀವಿಲ್ಲದೆ ಬಸ್ ಎತ್ಲಿಕ್ಕೇ ಮನಸ್ಸು ಬರುದಿಲ್ಲ."

"ವಾಚಿಲ್ಲದ ಏಜೆಂಟ್ ಯಾಕೋ ನಿಮ್ಗೆ? ಜನ ನಗ್ಲಿಕ್ಕಾ?"

ಯಾರು ನಗುತ್ತಿದ್ದರು ಮಾವ? ಅವನು ಕಣ್ಣೊರೆಸಿಕೊಂಡು ಹೋದ. ನೀವು ಗೋಡೆಯ ಕಡೆ ತಿರುಗಿ ಮಲಗಿದಿರಿ. ಎರಡು ವರ್ಷ ಹಾಗೇ ಇದ್ದು, ಚಂದ್ರನ ಮೇಲೆ ಮನುಷ್ಯರು ಇಳಿಯುವ ಮೊದಲೇ...

ಇಷ್ಟು ವರ್ಷದ ಮೇಲೆ ಯಾಕೆ ಬರೆಯುತ್ತಿದ್ದೇನೆ ಗೊತ್ತಾ? ಮೊನ್ನೆ ಒಂದು ಲೇಖನ ಓದಿದೆ. ಮೊದಲನೇ ಸಂಗತಿ, ನಮ್ಮ ಜಗಳದಲ್ಲಿ ಗೆದ್ದದ್ದು ನಾನು. ಮುಂದೆ ಒಬ್ಬ ಆಟೋಮ್ಯಾಟಿಕ್ ವಾಚನ್ನೇ ಆಕಾಶಕ್ಕೆ ಒಯ್ದನಂತೆ, ಅದು ನಿಲ್ಲಲಿಲ್ಲವಂತೆ. ತೂಕ ಬೇಡ, ಕೈ ಆಡಿದರೆ ಸಾಕು. ಓದಿ ಗೆದ್ದೆ ಎಂದು ಕುಣಿಯಲು ಎದ್ದವಳು ಹಾಗೇ ಕೂತೆ. ಎದುರು ಸೋಲಲು ನೀವಿರಬೇಕಿತ್ತು.

ಇನ್ನೊಂದು ಸಂಗತಿ ಇದೆ. ಚಂದ್ರನ ಮೇಲೆ ಇಳಿದ ಗಾಡಿಯೊಳಗಿನ ಗಡಿಯಾರ ಕೆಟ್ಟಿತ್ತಂತೆ. ಅದರ ಬದಲಿಗೆ ಇರಲೆಂದು ಒಬ್ಬ ತನ್ನ ವಾಚು ಬಿಚ್ಚಿ ಒಳಗೇ ಬಿಟ್ಟು ಹೊರಗೆ ಇಳಿದನಂತೆ. ಅವನೇ ಮಾವ, ಅಲ್ಲಿ ಮೊಟ್ಟಮೊದಲು ಕಾಲಿಟ್ಟವನು! ಲೋಕವೆಲ್ಲ ಕಣ್ಣು ಬಿಟ್ಟು ನೋಡುತ್ತಿತ್ತು, ವಾಚೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಚಂದ್ರನ ಮೇಲೆ ವಾಚಿಲ್ಲದೆ ನಡೆಯಬಹುದಾದರೆ, ನೀವು ಬಸ್‌ಸ್ಟ್ಯಾಂಡಿನ ತನಕ ಬರಬಹುದಿತ್ತಲ್ಲ?