ನನಗೆ ಮಾತ್ರ ತಿರುಗದ ಚಕ್ರ

ಸೋಮವಾರ, ಮಧ್ಯಾಹ್ನ

ನನ್ನ ಮುಂಗೋಪದ ಮೆಣಸಿನಕಾಯಿಗೆ,

ಅಮ್ಮನ ಆಶೀರ್ವಾದಗಳು. ಮೂರು ವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಬೇಡ, ಬಿಡು. ಈ ಕಾಗದವನ್ನು ನಿನ್ನ ಚಿತ್ರ ಪ್ರದರ್ಶನದ ಹಾಲ್ ಕಾಯುವ ಹೆಂಗಸಿನ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿಯುವುದಿದ್ದರೆ ಓದಿ ಹರಿ.

ಅಂದು ನಾನು ಮಾಡಿದ್ದು ತಪ್ಪು. ಉದ್ಘಾಟನೆಗೆ ಬಂದವರೆಲ್ಲ ನಿನ್ನ ಹನ್ನೆರಡು ಚಕ್ರಗಳ ಚಿತ್ರದ ಮುಂದೆ ನಿಂತು, ಬರೀ ಬಣ್ಣದ ಪಟ್ಟಿಗಳು ಕಣ್ಣಿಗೆ ಹೇಗೆ ಗರಗರ ತಿರುಗಿದಂತೆ ಕಾಣುತ್ತಿವೆ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆಗಲೇ ನಾನು, ಅದೂ ಶಾಲೆ ವ್ಯಾನು ಓಡಿಸುವವಳ ಗಂಟಲಲ್ಲಿ, "ಎಲ್ಲಿ ತಿರುಗ್ತಿದೆ? ಮೊಳೆ ಹೊಡೆದ ಹಾಗೆ ನಿಂತಿದೆಯಲ್ಲ!" ಎಂದುಬಿಟ್ಟೆ. ಚಿತ್ರ ಕೊಳ್ಳಲು ಬಂದವರು ನಕ್ಕರು. ನಿನ್ನ ಮುಖ ಇಷ್ಟೇ ಇಷ್ಟಾಯಿತು. ನೀನು ಚಿತ್ರ ಬರೆಯುವುದು ನನಗೆ ಮೊದಲಿಂದಲೂ ಇಷ್ಟವಿಲ್ಲ, ಅದಕ್ಕೇ ನಾಲ್ಕು ಜನರ ಮುಂದೆ ಮಾನ ತೆಗೆದೆ ಎಂದುಕೊಂಡೆ ನೀನು. ಇಷ್ಟವಿರಲಿಲ್ಲ ಎನ್ನುವುದು ನಿಜ. ಆದರೆ ಅಂದು ಕಂಡದ್ದನ್ನೇ ಹೇಳಿದ್ದೆ. ಎಲ್ಲರೂ ಸೇರಿ ನಿನ್ನನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದಾರೆ ಎಂದೇ ನಂಬಿದ್ದೆ.

ನನ್ನ ಹಟ ನಿನಗೆ ಗೊತ್ತಲ್ಲ. ಹೋದ ಬುಧವಾರ ಮಕ್ಕಳನ್ನು ಶಾಲೆಗೆ ಇಳಿಸಿದವಳೇ ಹಾಲ್‌ಗೆ ಹೋದೆ, ನನ್ನ ಮಾತೇ ಸರಿ ಎಂದು ಸಾಧಿಸಿಕೊಳ್ಳಲಿಕ್ಕೆ. ಹತ್ತು ನಿಮಿಷ ದುರುಗುಟ್ಟಿಕೊಂಡು ನೋಡಿದೆ. ಒಂದು ಚಕ್ರವೂ ಮಿಸುಕಲಿಲ್ಲ. ಕಾವಲಿನ ಹೆಂಗಸಿಗೆ ನಗು ಬಂತು. "ಅದನ್ನೇ ದಿಟ್ಟಿಸಿದ್ರೆ ನಿಂತುಬಿಡುತ್ತೆ ಅಕ್ಕಾ. ಪಕ್ಕದ ಗೋಡೇಲಿ ಲೈಟಿನ ಸ್ವಿಚ್ ಇದೆಯಲ್ಲ, ಅದನ್ನ ನೋಡ್ತಾ ಇರಿ. ಓರೆಗಣ್ಣಿಗೆ ತಿರುಗುತ್ತೆ" ಎಂದಳು.

ಸ್ವಿಚ್ ನೋಡಿದೆ. ಚಿತ್ರ ತಿರುಗಲಿಲ್ಲ. ಚಿತ್ರವೇ ಇರಲಿಲ್ಲ.

ಬಾಗಿಲಿನಷ್ಟು ದೊಡ್ಡ ಚಿತ್ರ ಕಣೇ ಅದು! ತಲೆ ತಿರುಗಿಸಿದರೆ ಇದೆ, ಸ್ವಿಚ್ ನೋಡಿದರೆ ಇಲ್ಲ. ಆ ಹೆಂಗಸು ಎಲ್ಲಿ ಹೋದಳು ಎಂದು ಗಾಬರಿಯಿಂದ ಕೂಗಿದೆ. ಆಕೆ ನನ್ನ ಎಡಗಡೆಯೇ, ಕೈಗೆಟಕುವಷ್ಟು ಹತ್ತಿರದಲ್ಲಿ ನೀರಿನ ಬಾಟಲಿ ಚಾಚಿಕೊಂಡು ನಿಂತಿದ್ದಳು. ಆಮೇಲೆ ಸ್ಟೀರಿಂಗ್ ಹಿಡಿಯುವ ಧೈರ್ಯವಾಗಲಿಲ್ಲ, ಶಾಲೆಗೆ ಫೋನ್ ಮಾಡಿದೆ. ವ್ಯಾನನ್ನು ಇನ್ನೊಬ್ಬ ಡ್ರೈವರು ಬಂದು ತೆಗೆದುಕೊಂಡು ಹೋದ.

ಮರುದಿನ ಕಣ್ಣಾಸ್ಪತ್ರೆಯಲ್ಲಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನಡುವೆ ನಾಲ್ಕೈದು ಕಂಡವು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಯಂತ್ರ ಕೆಟ್ಟಿತೇನೋ ಎಂದು, "ಮುಂದಿನ ಚುಕ್ಕಿ ಯಾವಾಗ ಬಿಡ್ತೀಯಮ್ಮಾ?" ಎಂದು ಕೇಳಿದೆ. ಆ ಹುಡುಗಿ, "ಬಿಡ್ತಾನೇ ಇದೀನಿ ಆಂಟಿ" ಎಂದಳು.

ಕಣ್ಣಿನ ನರ ವರ್ಷಗಳಿಂದ ಸಾಯುತ್ತಾ ಬಂದು, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗಿದೆಯಂತೆ. ನೋವಿಲ್ಲ, ನಡುವಿನ ನೋಟ ಚೊಕ್ಕವಾಗಿಯೇ ಇರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲವಂತೆ. ನಿನ್ನ ಚಕ್ರಗಳು ತಿರುಗುವುದು ಅಂಚಿನ ನೋಟಕ್ಕೆ. ನನಗೆ ಆ ಅಂಚೇ ಉಳಿದಿಲ್ಲ ಎಂದರು ಡಾಕ್ಟರು. ಹೋದದ್ದು ವಾಪಸ್ಸು ಬರುವುದಿಲ್ಲ. ಬೇಗ ಬಂದಿದ್ದರೆ ಉಳಿಸಬಹುದಿತ್ತಂತೆ.

ಇನ್ನೊಂದು ಹೇಳಬೇಕು, ಬೈಯಬೇಡ. ಈ ವರ್ಷ ಎರಡು ಸಲ ವ್ಯಾನನ್ನು ಶಾಲೆಯ ಗೇಟಿನ ಕಂಬಕ್ಕೆ ಉಜ್ಜಿ, ಕಂಬ ಕಟ್ಟಿದವನಿಗೆ ಬೈದಿದ್ದೆ. ಹೋದ ತಿಂಗಳು ಒಂದನೇ ಕ್ಲಾಸಿನ ಹೆಣ್ಣುಮಗುವೊಂದು ಎಡಗಡೆಯಿಂದ ಓಡಿ ಬಂತು. ಆಯಾ ಕಿರುಚಿದ್ದರಿಂದ ಬ್ರೇಕ್ ಹಾಕಿದೆ. ಮಗುವಿಗೂ ಬಂಪರಿಗೂ ನಡುವೆ ಗೇಣು ಜಾಗ ಉಳಿದಿತ್ತು. ನಾನು ಇಳಿದು ಆ ಮಗುವಿಗೇ ಗದರಿದೆ, "ಕಣ್ಣು ಕಾಣ್ಸಲ್ವಾ ನಿಂಗೆ?" ಎಂದು. ಆಸ್ಪತ್ರೆಯಿಂದ ನೇರವಾಗಿ ಶಾಲೆಗೆ ಹೋಗಿ ನನ್ನ ಬಳಿ ಉಳಿದಿದ್ದ ವ್ಯಾನಿನ ಎರಡನೇ ಕೀಲಿಯನ್ನೂ ಒಪ್ಪಿಸಿ ಕೆಲಸ ಬಿಟ್ಟೆ. ಇಪ್ಪತ್ತೆರಡು ವರ್ಷದ ಕೆಲಸ. ಬಸ್ಸಿನಲ್ಲಿ ಮನೆಯವರೆಗೂ ಅತ್ತೆ.

ನಿನ್ನ ಚಿತ್ರ ಇಲ್ಲದಿದ್ದರೆ ಇಂದು ಯಾವ ಮಗುವಿನ ಮನೆಯವರ ಮುಂದೆ ತಲೆ ತಗ್ಗಿಸಿ ನಿಂತಿರುತ್ತಿದ್ದೆನೋ. ಚಿತ್ರದಲ್ಲಿ ಐಬಿರಲಿಲ್ಲ, ಮಗಳೇ. ಕ್ಷಮಿಸು.

ಇಂತಿ,
ನಿನ್ನ ಹಟಮಾರಿ ಅಮ್ಮ

ತಾ.ಕ.: ಇಷ್ಟು ಹೊತ್ತೂ ಬರೆಯಲಾಗದೆ ತಪ್ಪಿಸಿಕೊಂಡ ಮಾತು ಇದು. ಅಂದು ಮೆಟ್ಟಿಲಿಳಿಯುವಾಗ ನೀನು ಅಳುತ್ತಾ ಹೇಳಿದೆ: "ನಂಗೂ ಅದು ತಿರುಗೋದು ಕಾಣಲ್ಲಮ್ಮಾ. ಅಳತೆ ಹಾಕ್ಕೊಂಡು ಬರೀತೀನಿ, ತಿರುಗ್ತಿದ್ಯಾ ಅಂತ ಗೆಳತೀರನ್ನ ಕೇಳ್ತೀನಿ. ದಿನಾ ನೋಡಿ ನೋಡಿ ಅಭ್ಯಾಸ ಆಗೋಗಿದೆ ಅಷ್ಟೆ. ಹಾಗಂತ ನಾನು ಎಲ್ಲರೆದುರು ಕೂಗಿದ್ನಾ?" ಈ ಕಾಯಿಲೆ ತಾಯಿಯಿಂದ ಮಕ್ಕಳಿಗೂ ಬರಬಹುದಂತೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಹೆಸರಲ್ಲಿ ಚೀಟಿ ಮಾಡಿಸಿದ್ದೇನೆ. ನನ್ನ ಜೊತೆ ಮಾತಾಡದಿದ್ದರೂ ಸರಿ, ಆಸ್ಪತ್ರೆಗೆ ಬಾ.